ಗೊರೂರಿನಲ್ಲಿ ಹಿಮಕ್ಕೆ ಕಾದ ವರ್ಷ

ಮನೆಯ ಇಸ್ತ್ರಿ ಪೆಟ್ಟಿಗೆ ಕೆಟ್ಟು ರಿಪೇರಿ ಅಂಗಡಿ ಸೇರಿ ವಾರವಾಯಿತು. ಯಜಮಾನರು ಇವತ್ತು ಯಾರದೋ ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಅವರ ಬಿಳಿ ಅಂಗಿಗೆಂದು ಅಟ್ಟದ ಮೇಲಿದ್ದ ಹಳೇ ಪೆಟ್ಟಿಗೆಯನ್ನು ಇಳಿಸಿ, ತಳ ಒರೆಸಿ, ಕಾಯಲು ಇಟ್ಟೆ. ಮೊದಲ ಸಲ ಎಳೆಯುತ್ತಿದ್ದ ಹಾಗೆಯೇ ಜೇಬಿನ ಮೇಲೆ ಎಣ್ಣೆಯಂಥ ಗೆರೆ ಬಿತ್ತು. ಅದರ ಹಿಂದೆಯೇ ವಾಸನೆ ಬಂತು. ಮೇಣದ ವಾಸನೆ, ದೀಪದ ಮೇಣದ್ದಲ್ಲ, ಅದಕ್ಕಿಂತ ಒಂದಿಷ್ಟು ಘಾಟು. ತಳದ ಸಂದಿಯಲ್ಲಿ ಇಷ್ಟು ವರ್ಷ ಗಟ್ಟಿಯಾಗಿ ಕೂತಿದ್ದದ್ದು ಕರಗಿ ಈಚೆ ಬಂದಿತ್ತು. ನಾನು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ, ಅಂಗಿಯನ್ನು ನೀರಿಗೆ ಹಾಕುವುದನ್ನೂ ಮರೆತೆ.

ಈಗ ನಾವಿರುವುದು ಹೊಳೆನರಸೀಪುರದಲ್ಲಿ. ಆ ವರ್ಷ ಗೊರೂರಿನಲ್ಲಿದ್ದೆವು, ಅಣೆಕಟ್ಟೆಯ ಹತ್ತಿರದ ನೀರಾವರಿ ಕ್ವಾರ್ಟರ್ಸಿನಲ್ಲಿ. ದಿನಾ ಬೆಳಿಗ್ಗೆ ಜಲಾಶಯದ ನೀರಿನ ಮಟ್ಟ ನೋಡಿ ಬರೆದುಕೊಳ್ಳುವುದು ಯಜಮಾನರ ಕೆಲಸ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮತ್ತೆ. ಅತ್ತೆ ಹಳ್ಳಿಮೈಸೂರು ಕಡೆಯವರು. ಮಂಡಿ ನೋವಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ಅಣೆಕಟ್ಟೆಯ ಕ್ರೆಸ್ಟ್ ಗೇಟು ತೆಗೆದು ನೀರು ಬಿಟ್ಟರೆ ಹಗಲೂ ರಾತ್ರಿ ಒಂದೇ ಸದ್ದು. ಗೋಡೆ ಬೆವರುತ್ತಿತ್ತು, ಭರಣಿಯ ಉಪ್ಪು ನೀರಾಗುತ್ತಿತ್ತು, ಬೆಂಕಿಕಡ್ಡಿ ಗೀರಿದರೆ ತಲೆ ಉದುರುತ್ತಿತ್ತು. ಹೊಲಿಗೆ ಮೆಷಿನ್ನಿನ ಸೂಜಿಯನ್ನು ನಾನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆ. ಕಬ್ಬಿಣದ ಯಾವ ಸಾಮಾನಿಗೂ ಅದು ಹೇಳಿಸಿದ ಊರಾಗಿರಲಿಲ್ಲ.

ಅಂಥ ಮಳೆಯಲ್ಲಿ ನಮ್ಮಣ್ಣನ ಮಗಳು ಪೂರ್ಣಿಮ, ಹಾಸನದ ಬಸ್ಸಿನಿಂದ ತನ್ನಷ್ಟೇ ಉದ್ದದ ಏನನ್ನೋ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಇಳಿದಳು. ಅವಳಿಗೆ ನಾನು ಅತ್ತೆ, ನಮ್ಮತ್ತೆ ಅಜ್ಜಿ. ಅಣ್ಣನ ಮನೆ ಅರಕಲಗೂಡಿನ ಹತ್ತಿರ. ಹುಡುಗಿ ಓದುತ್ತಿದ್ದದ್ದು ಹಾಸನದ ಕಾಲೇಜಿನಲ್ಲಿ, ಕೊನೆಯ ವರ್ಷ. ಹಿಂದಿನ ಚಳಿಗಾಲದಲ್ಲಿ ಕಾಲೇಜಿನ ಕ್ಯಾಂಪಿಗೆಂದು ಕಾಶ್ಮೀರಕ್ಕೆ ಹೋದವಳು ಅಲ್ಲಿ ಸ್ನೋಬೋರ್ಡು ಕಲಿತು ಬಂದಿದ್ದಳು. ಎರಡು ಕಾಲನ್ನೂ ಒಂದೇ ಹಲಗೆಗೆ ಅಡ್ಡಡ್ಡ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಅವಳ ಮೈಗೆ ಅದು ಹೇಗೆ ಹತ್ತಿತೋ, ಕಲಿಸಿದವರೇ ಬೆರಗಾದರಂತೆ. ಮುಂದಿನ ಚಳಿಗಾಲ ಅಲ್ಲೇ ಆಯ್ಕೆ ಸ್ಪರ್ಧೆ ಇದೆ, ಬಾ ಎಂದು ಹೇಳಿ ಕಳಿಸಿದ್ದರು. ಜೂನಿಯರ್ ವಿಭಾಗದಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಅದು ದಾಟಿದರೆ ಹುಟ್ಟಿದಂದಿನಿಂದ ಹಿಮದಲ್ಲೇ ಓಡಾಡಿದ ದೊಡ್ಡವರ ಜೊತೆ ಇಳಿಯಬೇಕು. ಅಲ್ಲಿ ತನ್ನ ಹೆಸರೂ ಯಾರಿಗೂ ಕೇಳಿಸುವುದಿಲ್ಲ ಅನ್ನುತ್ತಿದ್ದಳು.

ಅಣ್ಣ ಮೊದಲು ಆಗಲ್ಲ ಅಂದ. ಆಮೇಲೆ, ನಮ್ಮಲ್ಲಿದ್ದು ಕಾಲೇಜಿಗೂ ಹೋಗಲಿ, ತಯಾರಿಯೂ ಮಾಡಲಿ ಎಂಬ ನನ್ನ ಮಾತಿಗೆ ಒಪ್ಪಿದ. ಅವಳನ್ನು ನಮ್ಮಲ್ಲಿ ಬಿಡಲು ಒಪ್ಪಿದ ದಿನ ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: "ಒಂದ್ ಚಳಿಗಾಲ ಕಣವ್ವ ಜಯಾ. ಆದ್ರೆ ಆಯ್ತು. ಆಗ್ದಿದ್ರೆ ಚನ್ನರಾಯಪಟ್ಟಣದ ಲ್ಯಾಬಲ್ಲಿ ಕೆಲ್ಸ ಐತೆ, ಸೇರ್ಕಬೇಕು. ಆಮೇಲೆ ಆ ಅಲಗೆ ಸುದ್ದಿ ನನ್ಮುಂದೆ ಎತ್ತಂಗಿಲ್ಲ."

ಬೆಡ್‌ಶೀಟು ಬಿಚ್ಚಿದಾಗ ನಾವೆಲ್ಲ ಸುತ್ತ ಕೂತಿದ್ದೆವು. ಕಾಶ್ಮೀರದ ಒಬ್ಬ ಹುಡುಗಿ ಬಳಸಿ ಬಿಟ್ಟಿದ್ದ ಹಲಗೆ ಅದು. ಮೇಲೆ ನೀಲಿ ಬಣ್ಣ, ಎರಡು ತುದಿಯೂ ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿತ್ತು. ತಳದ ಸುತ್ತ ಉಕ್ಕಿನ ಪಟ್ಟಿ, ಸಣ್ಣ ಬಳೆಯಷ್ಟೇ ದಪ್ಪ. ರೈಲಿನಲ್ಲಿ ಒದ್ದೆ ಬಟ್ಟೆಯೊಳಗೆ ಬಂದಿದ್ದಕ್ಕೆ ಅದರ ಮೇಲೆಲ್ಲ ಕೆಂಪಗೆ ತುಕ್ಕು ಕೂತಿತ್ತು.

ಅತ್ತೆ ಹೆಬ್ಬೆರಳನ್ನು ಪಟ್ಟಿಯ ಮೇಲೆ ಆಡಿಸಿದರು, ಕುಡುಗೋಲು ನೋಡುವ ಹಾಗೆ.

"ಇದ್ಯಾತಕ್ಕವ್ವ, ಏನ್ ಕೊಯ್ಯಕ್ಕೆ?"

"ಹಿಮ ಕೊಯ್ಯಕ್ಕೆ ಅಜ್ಜಿ."

"ಇಮ ಕೊಯ್ಕಂಡು ಏನ್ ಮಾಡೀಯೆ? ಒರೆ ಕಟ್ಟಿ ಮನಿಗ್ ತಂದೀಯ?"

ಪೂರ್ಣಿ ನಗುತ್ತ ವಿವರಿಸಿದಳು. ಹಿಮ ಗಟ್ಟಿಯಾದರೆ ಸಾರಿಸಿ ಒಣಗಿದ ನೆಲದ ಹಾಗೆ, ನುಣ್ಣಗೆ. ತಿರುಗುವಾಗ ಹಲಗೆಯನ್ನು ಓರೆ ಮಾಡಿದರೆ ಈ ಅಂಚು ಹಿಮಕ್ಕೆ ಕಚ್ಚಿ ಹಿಡಿಯಬೇಕು. ಹಿಡಿಯದಿದ್ದರೆ ತಿರುವಿನಲ್ಲೇ ಜಾರಿ ಹೋಗುತ್ತೇವೆ. ಅಲ್ಲಿ ಎಲ್ಲರಿಗೂ ಅಂಚು ಮಸೆದುಕೊಡುವವರಿದ್ದಾರೆ, ಇಲ್ಲಿ ನಾವೇ ಮಾಡಿಕೊಳ್ಳಬೇಕು. ಬರುವಾಗಲೇ ಉಕ್ಕು ಉಜ್ಜುವ ಒಂದು ಅರ, ಕೋನ ತಪ್ಪದಂತೆ ಅರವನ್ನು ಹಿಡಿಯುವ ಪ್ಲಾಸ್ಟಿಕ್ಕಿನ ಹಿಡಿ, ಬೆರಳುದ್ದದ ಸಾಣೆಕಲ್ಲು, ಮೇಣದ ಎರಡು ಗಟ್ಟಿ ತಂದಿದ್ದಳು.

ಭಾನುವಾರಗಳು ಅದಕ್ಕೇ ಆದವು. ಎರಡು ಸ್ಟೂಲಿನ ಮೇಲೆ ಹಳೇ ಸೈಕಲ್ ಟ್ಯೂಬು ಹಾಕಿ, ಹಲಗೆ ಜಾರದಂತೆ ಮಲಗಿಸುತ್ತಿದ್ದೆವು. ನಾನು ಒಂದು ತುದಿ ಹಿಡಿಯುವವಳು, ಅವಳು ಉಜ್ಜುವವಳು. ಕ್ರಮೇಣ ನನಗೂ ಕೈ ಬಂತು. ಮೊದಲು ಕಪ್ಪು ಮಾರ್ಕರ್ ಪೆನ್ನಿನಿಂದ ಅಂಚಿನುದ್ದಕ್ಕೂ ಬಳಿಯಬೇಕು. ಆಮೇಲೆ ಅರ. ಮೂತಿಯಿಂದ ಬಾಲದವರೆಗೆ ಒಂದೇ ದಿಕ್ಕು. ಹಿಂದೆ ಮುಂದೆ ಆಡಿಸಬಾರದು. ಮಸಿ ಎಲ್ಲಿ ಉಳಿಯಿತೋ ಅಲ್ಲಿ ಅರ ಮುಟ್ಟಿಲ್ಲ ಅಂತ ಅರ್ಥ. ಕೊನೆಗೆ ಕಲ್ಲನ್ನು ಒದ್ದೆ ಮಾಡಿ ಹಗುರಾಗಿ ಎಳೆದರೆ ಅಂಚಿನ ಗರಗರ ಹೋಗುತ್ತದೆ. ಕುಡುಗೋಲಿನ ಹಾಗೆ ಬಾಯಿ ತೆಳ್ಳಗಾಗುವಂತೆ ಮಸೆಯುವಂತಿಲ್ಲ. ಹೊಸ ಇಟ್ಟಿಗೆಯ ಮೂಲೆ ಇರುತ್ತದಲ್ಲ, ಹಾಗೆ ನೇರ ಮೂಲೆ ನಿಲ್ಲಬೇಕು. ಆಯಿತೋ ಇಲ್ಲವೋ ನೋಡಲು ಉಗುರನ್ನು ಅಂಚಿನ ಮೇಲೆ ಅಡ್ಡ ಎಳೆಯುವುದು. ಉಗುರು ಹೆರೆದು ಬಿಳಿ ಪುಡಿ ಬಂದರೆ ಆಯಿತು. ಆ ವರ್ಷ ನನ್ನ ಎಡಗೈ ಹೆಬ್ಬೆರಳ ಉಗುರು ಯಾವಾಗಲೂ ಗೀರುಗೀರಾಗಿಯೇ ಇರುತ್ತಿತ್ತು.

ಮಸೆದ ಮೇಲೆ ಮೇಣ. ಇದೇ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಮೇಣದ ಗಟ್ಟಿ ಒತ್ತಿ, ಹಲಗೆಯ ತಳದ ಮೇಲೆ ತೊಟ್ಟಿಕ್ಕಿಸಿ, ಇಸ್ತ್ರಿ ಹಾಕಿದ ಹಾಗೆ ಹರಡುವುದು. ಅಂಚು ಮುಚ್ಚುವಂತೆ ದಪ್ಪಗೆ ಬಳಿದು ಹಾಗೇ ಬಿಟ್ಟರೆ ತುಕ್ಕು ಬರುವುದಿಲ್ಲ. ಹಿಮಕ್ಕೆ ಹೋಗುವ ಮುಂಚೆ ಮಾತ್ರ ಅದನ್ನು ಕೆರೆದು ತೆಗೆಯಬೇಕು.

ಆ ಉಕ್ಕಿನ ಪಟ್ಟಿಗೆ ಆಯುಸ್ಸು ಇಷ್ಟೇ ಅಂತ ಇರುತ್ತದೆ. ಪ್ರತಿ ಸಲ ಅರ ಎಳೆದಾಗಲೂ ಒಂದಿಷ್ಟು ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ನೆಲ ಗುಡಿಸುವವಳು ನಾನಾದ್ದರಿಂದ ನನಗೆ ಅದು ಕಾಣುತ್ತಿತ್ತು.

ಆಯುಧಪೂಜೆ ಬಂತು. ಕ್ವಾರ್ಟರ್ಸಿನ ಜೀಪುಗಳಿಗೆಲ್ಲ ಬಾಳೆಕಂಬ ಕಟ್ಟಿದ್ದರು. ನಮ್ಮ ಮನೆಯಲ್ಲಿ ಹೊಲಿಗೆ ಮೆಷಿನ್ನು, ಈಳಿಗೆ ಮಣೆ, ಮಚ್ಚು, ಯಜಮಾನರ ಸ್ಕೂಟರು. ಈ ಸಲ ಹಲಗೆಯೂ ಕೂರಲಿ ಎಂದರು ಯಜಮಾನರು. ಪೂಜೆಗೆ ಕೂರುವ ಆಯುಧ ಮೊಂಡಾಗಿರಬಾರದೆಂದು ಪೂರ್ಣಿ ಹಿಂದಿನ ದಿನವೇ ಮೇಣ ಕೆರೆದು, ಅಂಚು ಮಸೆದು, ಒರೆಸಿ ಹಿತ್ತಲ ಬಾಗಿಲಿಗೆ ಒರಗಿಸಿ ಕಾಲೇಜಿಗೆ ಹೋದಳು.

ನಾನು ಅಂಗಡಿ ಬೀದಿಗೆ ಹೋಗಿ ಹೂವು, ಬೂದುಗುಂಬಳ ತರುವಷ್ಟರಲ್ಲಿ ಅತ್ತೆ ನಲ್ಲಿಯ ಹತ್ತಿರ ಕೂತು ದೀಪದ ಕಂಬ, ಹಿತ್ತಾಳೆ ತಂಬಿಗೆ ಎಲ್ಲ ಬೆಳಗುತ್ತಿದ್ದರು. ಪಕ್ಕದಲ್ಲಿ ಹಲಗೆ. ಅಂಚಿನಲ್ಲಿ ಸಾಸಿವೆಯಷ್ಟು ತುಕ್ಕು ಕಂಡಿತಂತೆ. ಹಿತ್ತಾಳೆ ಫಳಫಳ ಅನ್ನಬೇಕಾದರೆ ಏನು ಹಾಕುತ್ತಾರೋ ಅದನ್ನೇ ಹಾಕಿದ್ದರು: ಹುಣಸೆಹುಳಿ, ಉಪ್ಪು. ಸುತ್ತಲೂ ಮೆತ್ತಿ, ನೆನೆಯಲಿ ಎಂದು ಬಿಟ್ಟು, ಅಷ್ಟೂ ತಂಬಿಗೆ ಮುಗಿಸಿದ ಮೇಲೆ ತೊಳೆದಿದ್ದರು. ಸಂಜೆಯ ಹೊತ್ತಿಗೆ ಅಂಚು ಹೊಳೆಯುವುದಿರಲಿ, ಕರ್ರಗಾಗಿತ್ತು. ಬಗ್ಗಿ ನೋಡಿದರೆ ಸಣ್ಣ ಸಣ್ಣ ಗುಳಿ.

ಪೂರ್ಣಿ ಬಸ್ಸಿಳಿದು ಬಂದು ನೋಡಿದಳು. ಬ್ಯಾಗು ಭುಜದ ಮೇಲೇ ಇತ್ತು. ಅತ್ತೆ ಅವಳ ಮುಖ ನೋಡಿ, "ಏನವ್ವ, ಸಂದಾಗ್ಲಿಲ್ವಾ? ಇನ್ನೊಂದ್ಕಿತ ಬೆಳಗ್ಲಾ?" ಅಂದರು. ಅವಳು ಕಾಲು ತೊಳೆದು ಬಂದು, ಚೆನ್ನಾಗಾಗಿದೆ ಅಜ್ಜಿ ಅಂದಳು.

ಅವತ್ತೇ ಉಜ್ಜಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತೋ ಏನೋ. ಆದರೆ ಅವಳ ಮಾತು ಕೇಳಿ ಅತ್ತೆ ಆಗಲೇ ಹಲಗೆಗೆ ವಿಭೂತಿ ಪಟ್ಟೆ ಎಳೆದು, ಒದ್ದೆ ಕುಂಕುಮ ಇಟ್ಟು, ಅರವನ್ನೂ ಕಲ್ಲನ್ನೂ ಸೇರಿಸಿ ದೇವರ ಮುಂದೆ ಸಾಲಾಗಿ ಇಟ್ಟುಬಿಟ್ಟರು. ಪೂಜೆಗೆ ಕೂತ ಆಯುಧವನ್ನು ವಿಜಯದಶಮಿಗೆ ಎತ್ತುವ ತನಕ ಮುಟ್ಟುವಂತಿಲ್ಲ, ಕೆಲಸಕ್ಕೆ ಹಚ್ಚುವಂತಿಲ್ಲ. ನನ್ನ ಮೆಷಿನ್ನು ಮುಚ್ಚಿತ್ತು, ಈಳಿಗೆ ಮಣೆ ಮಡಚಿತ್ತು. ಆ ದಿನದ ತರಕಾರಿ ಮೊದಲೇ ಹೆಚ್ಚಿಟ್ಟಿದ್ದೆ. ಹುಡುಗಿ ಪೂಜೆಯಾಗುವಾಗ ಕೈ ಮುಗಿದು ನಿಂತಿದ್ದಳು. ಕಣ್ಣು ಮಾತ್ರ ದೇವರ ಮೇಲಿರಲಿಲ್ಲ, ಆ ಕಪ್ಪು ಅಂಚಿನ ಮೇಲಿತ್ತು. ಗೊರೂರಿನ ತೇವದಲ್ಲಿ ಹುಳಿ ತನ್ನ ಕೆಲಸ ಮಾಡುತ್ತಲೇ ಇತ್ತು.

ವಿಜಯದಶಮಿ ಮಧ್ಯಾಹ್ನ ಅವಳು ಅರ ಹಿಡಿದು ಕೂತಳು. ಗುಳಿಯ ತಳ ಸಿಗುವವರೆಗೆ ಉಜ್ಜಬೇಕು. ಉಜ್ಜಿದಷ್ಟೂ ಇನ್ನೊಂದು ಗುಳಿ. ಹಲಗೆಯ ಮೇಲೆ ನಿಂತಾಗ ಹಿಮ್ಮಡಿಯ ಕಡೆ ಬರುವ ಅಂಚಿನಲ್ಲಿ ಎರಡು ಗುಳಿ ಕೊನೆಗೂ ಹೋಗಲಿಲ್ಲ. ಅಂಚು ಮೊದಲಿನ ಅರ್ಧಕ್ಕೆ ಇಳಿದಿತ್ತು. ಅವಳು ದಪ್ಪಗೆ ಮೇಣ ಬಳಿದು, ನಾನು ಹಳೇ ಜಮಖಾನದಲ್ಲಿ ಹೊಲಿದಿದ್ದ ಚೀಲದೊಳಗೆ ಇಟ್ಟು ಅಂದಳು: "ಅತ್ತೆ, ಇನ್ನು ಹೊರಡೋ ಹಿಂದಿನ ದಿನ ಒಂದೇ ಸಲ. ಅದಕ್ಕಿಂತ ಜಾಸ್ತಿ ತಡ್ಕೊಳಲ್ಲ ಇದು."

ಚಳಿ ಶುರುವಾಯಿತು. ಬೆಳಿಗ್ಗೆ ಜಲಾಶಯದ ಮೇಲೆ ಮಂಜು ಕೂರುತ್ತಿತ್ತು. ಪೂರ್ಣಿ ಅಣೆಕಟ್ಟೆಯ ಪಕ್ಕದ ಏರಿಯಲ್ಲಿ ಹತ್ತಿ ಇಳಿದು, ಬೆವರಿ ಬಂದು, ಸ್ನಾನ ಮಾಡಿ ಹಾಸನದ ಬಸ್ಸು ಹಿಡಿಯುತ್ತಿದ್ದಳು. ಕಾಶ್ಮೀರದಲ್ಲಿ ಅವಳ ಜೊತೆ ಕಲಿತ ರುಬೀನಾ ಎಂಬ ಹುಡುಗಿ ತನ್ನ ಮನೆಯ ಕಿಟಕಿಯಿಂದ ಸ್ಪರ್ಧೆಯ ಇಳಿಜಾರಿನ ಫೋಟೋ ತೆಗೆದು ದಿನಾ ಕಳಿಸುತ್ತಿದ್ದಳು. ಕ್ಲಾಸಿನಲ್ಲಿ ಫೋನು ಆಫ್ ಮಾಡಬೇಕೆಂದು ಪೂರ್ಣಿ ನನ್ನ ನಂಬರು ಕೊಟ್ಟಿದ್ದಳು. ಸಂಜೆ ಬಸ್ ಸ್ಟ್ಯಾಂಡಿನಿಂದ ನನಗೆ ಫೋನು ಮಾಡಿ, ಬಿತ್ತಾ ಅತ್ತೆ ಅಂತ ಕೇಳುವುದು. ಇಲ್ಲ ಕಣವ್ವ ಅನ್ನುವುದು ನನ್ನ ಕೆಲಸ.

ಫೋಟೋದಲ್ಲಿ ಮರದ ಬೇಲಿ, ಅದರಾಚೆ ಬೆಟ್ಟದವರೆಗೂ ಒಣಗಿದ ಕಂದು ಹುಲ್ಲು. ಅತ್ತೆ ನೋಡಿ, "ಇದು ನಮ್ ಕಾವ್ಲು ಇದ್ದಂಗೇ ಐತಲ್ಲ. ದನ ಬುಡಬೌದು" ಅಂದರು. ಯಜಮಾನರು ಮಟ್ಟ ನೋಡಿ ಬಂದು ತಿಂಡಿಗೆ ಕೂತಾಗ ಮೊದಲು ಕೇಳುತ್ತಿದ್ದದ್ದು ಅದನ್ನೇ: "ಎಷ್ಟೈತೆ?" ಅಂತ. ಬರಿ ನೆಲ ಅನ್ನುತ್ತಿದ್ದೆ. ಅವರು ತಲೆ ಆಡಿಸಿ ರೊಟ್ಟಿ ಮುರಿಯುತ್ತಿದ್ದರು. ಹಾಲಿನವನಿಗೂ ಗೊತ್ತಾಯಿತು, ಪಕ್ಕದ ಮನೆಯವರಿಗೂ. ಮಳೆ ಬಂತಾ ಅಂತ ಹೊಳೆಯ ಮೇಲ್ಗಡೆ ಊರಿನವರನ್ನು ಕೇಳುವ ಹಾಗೆ ಕಾಶ್ಮೀರದ ಹಿಮ ಬಿತ್ತಾ ಅಂತ ನನ್ನನ್ನು ಕೇಳುತ್ತಿದ್ದರು. ಕೆಲವರು ತಮಾಷೆಗೆ, ಕೆಲವರು ನಿಜಕ್ಕೂ.

ಸಂಕ್ರಾಂತಿ ಕಳೆದ ಮೇಲೆ ಸ್ಪರ್ಧೆ ಎಂದು ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಬಿದ್ದೇ ಬೀಳುತ್ತದೆ ಎಂದು ಅಲ್ಲಿಯವರೂ ನಂಬಿದ್ದರು. ಪೂರ್ಣಿ ಹೊರಡುವ ಹಿಂದಿನ ದಿನ ಮೇಣ ಕೆರೆದು, ಕೊನೆಯ ಸಲ ಎಂದು ಅಂಚು ಮಸೆದಳು. ಉಗುರು ಎಳೆದಳು, ಪುಡಿ ಬಂತು. ನಾನು ಎಳ್ಳುಂಡೆ ಕಟ್ಟಿದೆ, ಅತ್ತೆ ಹುರಿಗಡಲೆ ಪುಡಿ ಮಾಡಿ ಕೊಟ್ಟರು. ಚೀಲ ಬಾಗಿಲ ಹತ್ತಿರ ನಿಂತಿತು. ಬೆಳಿಗ್ಗೆ ಬಸ್ಸಿಗೆ ಹೊರಡಬೇಕು ಅನ್ನುವಾಗ ಫೋನಿಗೆ ಬಂತು: ಹಿಮವಿಲ್ಲದ ಕಾರಣ ಮುಂದೂಡಲಾಗಿದೆ, ಹೊಸ ದಿನಾಂಕ ಬೇಗ ತಿಳಿಸುತ್ತೇವೆ.

ನಾನು ಇಸ್ತ್ರಿ ಪೆಟ್ಟಿಗೆ ತೆಗೆದೆ. ಅಂಚು ಬರಿದಾಗಿದೆ, ಮತ್ತೆ ಮೇಣ ಮುಚ್ಚಿ ಇಡೋಣ ಅಂದೆ.

"ಬ್ಯಾಡ ಅತ್ತೆ," ಅಂದಳು. "ಮೇಣ ಬಳುದ್ರೆ ಹೋಗಲ್ಲ ಅಂತ ಒಪ್ಕೊಂಡಂಗೆ. ನಾಳೆ ನಾಳಿದ್ದು ದಿನ ಹೇಳ್ತಾರೆ."

ಹೇಳಲಿಲ್ಲ. ದಿನಾ ಸಂಜೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಆದರೂ ಗೋಡೆಯ ತೇವಕ್ಕೆ ಅಂಚು ಮತ್ತೆ ಕೆಂಪಾಯಿತು. ಎರಡನೆಯ ದಿನಾಂಕ ಬಂದಾಗ ಮತ್ತೆ ಉಜ್ಜಬೇಕಾಯಿತು. ಚೀಲ ಬಾಗಿಲಿಗೆ ಬಂತು. ಅದೂ ಮುಂದೆ ಹೋಯಿತು. ಆಗಲೂ ಮೇಣ ಬೇಡ ಅಂದಳು. ಈ ಸಲ ನಾನು ಕೇಳಲೂ ಇಲ್ಲ, ನನ್ನ ಕೈ ಪೆಟ್ಟಿಗೆಯ ಕಡೆ ಹೋದದ್ದು ನೋಡಿ ಅವಳೇ ಹೇಳಿದ್ದು. ಮತ್ತೆ ತುಕ್ಕು ಬಂದು ಮೂರನೆಯ ಸಲ ಅರ ಎಳೆಯುವಾಗ ಸದ್ದೇ ಬೇರೆಯಾಗಿತ್ತು. ಉಕ್ಕಿನ ಕೆಳಗಿನ ಪ್ಲಾಸ್ಟಿಕ್ಕಿಗೆ ತಾಗುತ್ತಿತ್ತು. ಅವಳು ನಿಲ್ಲಿಸಿದಳು. ಕಲ್ಲಿನಲ್ಲಿ ಮೆಲ್ಲಗೆ, ತುಂಬ ಮೆಲ್ಲಗೆ, ಮಗುವಿನ ಬೆನ್ನು ತಿಕ್ಕುವ ಹಾಗೆ ತಿಕ್ಕಿದಳು. ಸೂಜಿಯ ದಪ್ಪದ ಅಂಚು ಉಳಿದಿತ್ತು, ಆದರೆ ಹರಿತವಾಗಿತ್ತು. ಒಂದು ಸ್ಪರ್ಧೆಗೆ ಸಾಕು ಎಂದಳು.

ಶಿವರಾತ್ರಿಯ ಹೊತ್ತಿಗೆ ಹಿಮ ಬಿತ್ತು. ಬೆಳಿಗ್ಗೆ ನನ್ನ ಫೋನಿನಲ್ಲಿ ಫೋಟೋ ಬಿಳಿಯಾಗಿತ್ತು. ಬೇಲಿಯ ಅರ್ಧ ಕಾಣುತ್ತಿರಲಿಲ್ಲ. ನಾನು ಚಪ್ಪಲಿ ಮೆಟ್ಟದೆ ಏರಿಯ ಹತ್ತಿರ ಓಡಿದೆ. ಅವಳು ಮೇಲಿನಿಂದ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಅವತ್ತು ಇಡೀ ದಿನ ನಮ್ಮ ಮನೆಯಲ್ಲಿ ಹಬ್ಬ. ಯಜಮಾನರು ಆಫೀಸಿನಲ್ಲೆಲ್ಲ ಹೇಳಿ ಬಂದರು. ಅಣ್ಣ ಕೂಡ ಅರಕಲಗೂಡಿನಿಂದ ಫೋನು ಮಾಡಿ, ಸ್ವೆಟರ್ ಐತೇನವ್ವ ಅಂತ ಮಗಳನ್ನು ಕೇಳಿದ.

ಮಾರನೆಯ ದಿನ ಸ್ಪರ್ಧೆ ನಡೆಸುವವರಿಂದ ಸಂದೇಶ ಬಂತು. ಹಿಮ ಉಳಿಯುವುದು ಕೆಲವೇ ದಿನ, ರಸ್ತೆಯೂ ಸರಿಯಿಲ್ಲ, ಅದಕ್ಕೆ ಈ ಸಲ ಹಿರಿಯರ ವಿಭಾಗ ಮಾತ್ರ. ಜೂನಿಯರ್ ವಿಭಾಗ ಈ ವರ್ಷ ಇರುವುದಿಲ್ಲ. ಪೂರ್ಣಿ ಓದಿದಳು. ಫೋನನ್ನು ನನಗೆ ಕೊಟ್ಟು, ಒಗೆಯಲು ನೆನೆಸಿದ್ದ ಬಟ್ಟೆ ಇದೆ ಎಂದು ಹಿತ್ತಲಿಗೆ ಹೋದಳು. ಬಟ್ಟೆ ಒಗೆದು, ಹಿಂಡಿ, ಹರವಿ ಬಂದಳು. ಅವಳನ್ನು ನೋಡಿ ಅತ್ತೆ, ನನ್ನ ಹುಳಿಯಿಂದ ಹಿಂಗಾಗೋಯ್ತು ಎಂದು ಕಣ್ಣೊರೆಸಿಕೊಂಡರು. ಹುಡುಗಿ ಬಾಗಿಲಲ್ಲೇ ನಿಂತು, ಹಾಗಲ್ಲ ಅಜ್ಜಿ, ಅಂಚು ಚೆನ್ನಾಗೇ ಇತ್ತು ಅಂದಳು. ಅದು ನಿಜ. ಅವತ್ತು ಅದಕ್ಕಿಂತ ಹರಿತವಾದದ್ದು ನಮ್ಮ ಮನೆಯಲ್ಲಿ ಬೇರೊಂದಿರಲಿಲ್ಲ.

ಕೆಲವು ದಿನ ಚೀಲ ಬಾಗಿಲ ಹತ್ತಿರವೇ ಇತ್ತು. ಹಲಗೆ ಅರ್ಧ ಹೊರಗೆ ಚಾಚಿಕೊಂಡಿತ್ತು. ತೆಗೆದಿಡು ಎಂದು ಯಾರೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಗೋಡೆ ಹಿಡಿದು ಏಳಲು ಹೋಗಿ, ಕೈ ತಪ್ಪಿ ಹಲಗೆಯನ್ನು ಹಿಡಿದರು. ಅಂಗೈ ಉದ್ದಕ್ಕೂ ಕೊಯ್ದುಹೋಯಿತು. ಪೂರ್ಣಿಯೇ ಅರಿಶಿನ ಒತ್ತಿ, ಬಟ್ಟೆ ಕಟ್ಟಿದಳು. ಅತ್ತೆ ಅವಳನ್ನು ನಗಿಸಲೆಂದೇ ಹೇಳಿದರು:

"ಅಂತೂ ಏನೋ ಒಂದ್ ಕೊಯ್ತಲ್ಲವ್ವ ನಿನ್ನಲಗೆ."

ಅವಳು ನಗಲಿಲ್ಲ. ಸ್ಟೂಲು ಎರಡನ್ನೂ ಎಳೆದು, ಟ್ಯೂಬು ಹಾಸಿ, ಹಲಗೆ ಮಲಗಿಸಿದಳು. ನಾನು ಎಂದಿನಂತೆ ತುದಿ ಹಿಡಿದೆ. ಕೋನದ ಹಿಡಿಯನ್ನು ಅವಳು ಪಕ್ಕಕ್ಕಿಟ್ಟಳು. ಬರಿ ಅರವನ್ನು ಮೂಲೆಗೆ ಓರೆಯಾಗಿ ಹಿಡಿದು ಎಳೆದಳು. ಮೊಂಡು ಮಾಡುತ್ತಿದ್ದಾಳೆ ಎಂದು ಆಗ ಗೊತ್ತಾಯಿತು. ಬೇಡ ಅಂತ ಬಾಯಿಗೆ ಬಂತು. ಅತ್ತೆಯ ಕೈ ನೋಡಿ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಮಸೆಯುವಾಗ ಇದ್ದಷ್ಟೇ ತಾಳ್ಮೆ. ಮೂತಿಯಿಂದ ಬಾಲದವರೆಗೆ, ಒಂದೇ ದಿಕ್ಕು. ಮಾರ್ಕರ್ ಮಸಿ ಕೂಡ ಬಳಿದಳು, ಎಲ್ಲೂ ಬಿಟ್ಟುಹೋಗದಿರಲಿ ಎಂದು. ಎರಡೂ ಕಡೆ ಮುಗಿಸಿ, ಉಗುರನ್ನು ಅಡ್ಡ ಎಳೆದು ನೋಡಿದಳು. ಪುಡಿ ಬರಲಿಲ್ಲ. ನನ್ನ ಕೈ ಹಿಡಿದು ನನ್ನ ಉಗುರನ್ನೂ ಎಳೆಸಿದಳು. ಬರಲಿಲ್ಲ.

"ಪೆಟ್ಟಿಗೆ ಕಾಯ್ಸಿ ಅತ್ತೆ," ಅಂದಳು.

ಉಳಿದಿದ್ದ ಅಷ್ಟೂ ಮೇಣವನ್ನು ಕರಗಿಸಿ, ತಳಕ್ಕೂ ಅಂಚಿಗೂ ದಪ್ಪಗೆ ಮುಚ್ಚಿದೆವು. ಅಡುಗೆಮನೆ, ನಡುಮನೆ ಎಲ್ಲ ಅದೇ ವಾಸನೆ. ಪೆಟ್ಟಿಗೆಯ ತಳ ಒರೆಸುವ ಮನಸ್ಸು ನನಗೆ ಬರಲಿಲ್ಲ. ಹಾಗೇ ಎತ್ತಿಟ್ಟೆ.

ಪರೀಕ್ಷೆ ಮುಗಿದ ಮೇಲೆ ಅವಳು ಚನ್ನರಾಯಪಟ್ಟಣದ ಲ್ಯಾಬಿಗೆ ಸೇರಿದಳು. ಈಗಲೂ ಅಲ್ಲೇ. ರಕ್ತ ತೆಗೆಯುವಾಗ ನೋವೇ ಆಗುವುದಿಲ್ಲ ಎಂದು ಜನ ಹೇಳುತ್ತಾರಂತೆ. ಹಬ್ಬಕ್ಕೆ ಬರುತ್ತಾಳೆ, ನನ್ನ ಜೊತೆ ಕೂತು ಹೋಳಿಗೆ ತಟ್ಟುತ್ತಾಳೆ. ಕ್ವಾರ್ಟರ್ಸ್ ಬಿಡುವಾಗ ಹಲಗೆಯನ್ನೂ ಇಲ್ಲಿಗೆ ತಂದೆವು. ಅಟ್ಟದ ಮೇಲೆ ಇಸ್ತ್ರಿ ಪೆಟ್ಟಿಗೆಯ ಹಿಂದೆಯೇ ಇದೆ, ಜಮಖಾನದ ಚೀಲದಲ್ಲಿ. ಅದು ಎಲ್ಲಿ ಅಂತ ಅವಳು ಕೇಳಿಲ್ಲ. ಅತ್ತೆ ಹೋಗಿ ಎರಡು ವರ್ಷವಾಯಿತು; ಕೊನೆಯವರೆಗೂ ಅವರ ಅಂಗೈಯಲ್ಲಿ ಆ ಗೆರೆ ಇತ್ತು.

ಅಂಗಿಯನ್ನು ನೀರಿಗೆ ಹಾಕಿ ಬರುವಷ್ಟರಲ್ಲಿ ಫೋನು ಸದ್ದು ಮಾಡಿತು. ಆ ರುಬೀನಾ ನನ್ನ ನಂಬರು ಅಳಿಸಿಲ್ಲ. ಚಳಿಗಾಲದಲ್ಲಿ ಈಗಲೂ ಒಂದೊಂದು ಫೋಟೋ ಕಳಿಸುತ್ತಾಳೆ. ಮೊದಮೊದಲು ಪೂರ್ಣಿಗೆ ಕಳಿಸಲೇ ಎಂದು ಯೋಚಿಸುತ್ತಿದ್ದೆ, ಈಗ ಇಲ್ಲ. ನೋಡುತ್ತೇನೆ, ಅಷ್ಟೇ.

ಯಜಮಾನರು ಬನಿಯನ್ನಿನಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ನಿವೃತ್ತಿಯಾಗಿ ಇಷ್ಟು ದಿನವಾದರೂ ಬೆಳಿಗ್ಗೆ ನೀರಿನ ಮಟ್ಟ ನೋಡುವ ಆ ಹೊತ್ತು ಅವರಿಗೆ ಮರೆತಿಲ್ಲ. ನನ್ನ ಕೈಯಲ್ಲಿದ್ದ ಫೋನು ನೋಡಿ ಕೇಳಿದರು:

"ಎಷ್ಟೈತೆ?"

"ಬೇಲಿ ಮುಳುಗೈತೆ," ಅಂದೆ.

ಅವರು ಬರೆದುಕೊಳ್ಳುವವರ ಹಾಗೆ ತಲೆ ಆಡಿಸಿದರು. ನಾನು ಬೇರೆ ಅಂಗಿ ತೆಗೆದು, ಮೇಲೆ ಹಳೇ ಪೇಪರು ಹಾಸಿ, ಪೆಟ್ಟಿಗೆಯಲ್ಲಿ ಉಳಿದ ಮೇಣವನ್ನೆಲ್ಲ ಅದೇ ಹೀರಲಿ ಎಂದು ಒತ್ತಿ ಹಿಡಿದೆ.